ಸುಮ್ಮ ನೋಡಾಕ ಬಂದವರು

ನಮ್ಮ ಕಡೆ ನೋಡುವಂಥದ್ದು ಏನೂ ಇಲ್ಲ ಅಂತ ನಮ್ಮ ಕಡೆಯವರೇ ಹೇಳುತ್ತಾರೆ. ಹೊಳೆಯಾಚೆ ಹಂಪಿ ಐತಿ, ಅಲ್ಲಿಗೆ ಹೋಗ್ರಿ ಅನ್ನುತ್ತಾರೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಅಂದರೆ ಸಂತಿಗೆ ಹೋಗುವ ಊರು, ಕಚೇರಿಗೆ ಹೋಗುವ ಊರು, ಬೀಗರ ಊರು, ನೋಡುವ ಊರಲ್ಲ. ಅರ್ಧ ಆಯುಷ್ಯ ನಾನೂ ಹಂಗೇ ತಿಳಕೊಂಡಿದ್ದೆ. ಆ ನಾಲ್ಕೂ ಊರಿನ ದಾರಿ ನನಗಿಂತ ನನ್ನ ಎತ್ತಿಗೆ ಚೆನ್ನಾಗಿ ಗೊತ್ತಿತ್ತು. ಊರು ಮಾತ್ರ ಎತ್ತಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು ಬಂಡಿ ಹೊಡೆದು ಬದುಕಿದವನು. ಸಾಲಿ ಮೂರನೇ ಇಯತ್ತೆಗೇ ಬಿಟ್ಟೆ. ಆಗ ನಿಜಾಮರ ರಾಜ್ಯ, ಸಾಲ್ಯಾಗ ಉರ್ದು. ಮನ್ಯಾಗ ಆಡುವ ಮಾತು ಒಂದು, ಪಾಟಿಯ ಮ್ಯಾಲೆ ಬರೆಯುವ ಮಾತು ಇನ್ನೊಂದು. ಮಾಸ್ತರರು ಬಲಗಡೆಯಿಂದ ಬರಿ ಅಂದರೆ ನನ್ನ ಕೈ ಎಡಗಡೆಯಿಂದ ಹೊರಡುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಪಾಟಿ ಇಟ್ಟು ಬಾರುಕೋಲು ಹಿಡಿದೆ. ಕನ್ನಡ ಅಕ್ಷರವನ್ನು ಆಮೇಲೆ ಅರಳೆ ತುಂಬಿದ ಅಂಡಿಗೆಗಳ ಮೇಲಿನ ಗುರುತು ಓದುತ್ತಾ ನಾನೇ ಕಲಿತುಕೊಂಡೆ. ಇದನ್ನು ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ. ನನ್ನ ಬಂಡಿಗೆ ಹಾಕಿದ ಮಾಲು ಒಂದು ಹಿಡಿ ಕಡಿಮೆಯಾಗಲಿಲ್ಲ, ಒಂದು ಮಳೆಗೆ ತೊಯ್ಯಲಿಲ್ಲ. ಯಾವ ಸಾಹುಕಾರನೂ ನನಗೆ ‘ಹಿಂಗ್ಯಾಕ’ ಅಂತ ಒಂದು ಮಾತು ಅಂದಿದ್ದಿಲ್ಲ. ಜಂಬ ಅನ್ನುವವರು ಅನ್ನಲಿ.

ಕುಷ್ಟಗಿ, ಯಲಬುರ್ಗಾದ ಕರಿಮಣ್ಣಿನ ಎರೆಹೊಲದ ಅರಳೆ ಕೊಪ್ಪಳದ ಟೇಶನ್ನಿಗೆ ಮುಟ್ಟಿಸುವುದು, ಬರುವಾಗ ಉಪ್ಪು, ಚಿಮಣಿ ಎಣ್ಣೆ ಹೇರಿಕೊಂಡು ಬರುವುದು. ಸಮುದ್ರ ನಾನು ನೋಡಿಲ್ಲ, ಅದರ ಉಪ್ಪು ಮಾತ್ರ ಹೊತ್ತೀನಿ. ಚೀಲ ಎತ್ತುವಾಗ ಬೆನ್ನಿನ ತರಚಿಗೆ ಉಪ್ಪು ತಾಗಿದರೆ, ಇಷ್ಟು ಉರಿಯೋದು ಅಲ್ಲಿ ಊರಗಲ ಬಿದ್ದಿರುತ್ತದಲ್ಲ ಅಂತ ಅನ್ನಿಸುತ್ತಿತ್ತು. ಹೇರಿದ ಬಂಡಿ ಹೊಡೆಯುವವನಿಗೆ ಎದುರಿಗೆ ಎತ್ತಿನ ಬೆನ್ನು, ಕೆಳಗೆ ಗಾಲಿಯ ಜಾಡು. ಊರಬಾಗಿಲ ಅಗಸಿಯ ಹೊರಗೆ ಬಂಡಿ ಬಿಚ್ಚಿ, ಬಾವಿಯ ನೀರು ಕುಡಿಸಿ, ಬಂಡಿಯ ಕೆಳಗೇ ಮಲಗಿ ಏಳುವುದು. ಅಗಸಿಯ ಒಳಗೆ ಏನಿದೆ ಅಂತ ನೋಡುವಷ್ಟು ಕಾಲಿನಲ್ಲಿ ಜೀವ ಉಳಿದಿರುತ್ತಿರಲಿಲ್ಲ.

ಮನಿಗೆ ಬಂದರೆ ಅಲ್ಲಿ ಬೇರೆ ದಣಿವು. ನನ್ನ ಹೆಂಡತಿಗೆ ಎರಡು ಕೂಸು ಹುಟ್ಟಿದವು, ಎರಡೂ ಉಳಿಯಲಿಲ್ಲ. ಆಮೇಲೆ ಆಗಲೇ ಇಲ್ಲ. ಮನ್ಯಾಗ ಹಿರಿಯಾಕಿ ಅಂದರೆ ನಮ್ಮ ದೊಡ್ಡವ್ವ, ನನ್ನ ಅಪ್ಪನ ಅಣ್ಣನ ಹೆಂಡತಿ. ಆಕೆ ಕೆಟ್ಟಾಕಿ ಅಲ್ಲ. ಆದರೆ ರೊಟ್ಟಿ ಬಡಿಯುವಾಗ ಒಂದು, ಕಾಳು ಕೇರುವಾಗ ಒಂದು, ಅದೇ ಮಾತು: “ಇನ್ನೊಂದು ಮಾಡ್ಕೊಳ್ಳೋ. ಇದ್ದಾಕಿನ ಬಿಡು ಅಂದೆನೇನು ನಾ? ಇಬ್ರೂ ಇರ್ಲಿ.” ಆಗ ನಮ್ಮ ಕಡೆ ಅದೇನು ದೊಡ್ಡ ಮಾತಲ್ಲ, ಮೂರು ಮನಿಗೊಂದು ಮನ್ಯಾಗ ಹಂಗೇ ಇತ್ತು.

“ನನ್ನ ಬಂಡಿಗೆ ಇಷ್ಟು ಭಾರ ಸಾಕು” ಅನ್ನುತ್ತಿದ್ದೆ. ದೊಡ್ಡವ್ವ ನಗುತ್ತಿದ್ದಳು. ನನ್ನ ಹೆಂಡತಿ ನಗುತ್ತಿರಲಿಲ್ಲ. ಕೇಳಿ ಕೇಳಿ ಕಡೆಗೆ ಆಕೆಯೂ ಅದೇ ಮಾತು ಹಿಡಿದಳು. “ಮಾಡ್ಕೋರಿ. ನನ್ನದೇನಿಲ್ಲ” ಅನ್ನುವಳು, ತಲೆ ಎತ್ತದೆ. ನಾನು ಇಲ್ಲ ಅನ್ನುವೆ. ಆಕೆ ನಂಬುತ್ತಿರಲಿಲ್ಲ. ಇವತ್ತಿಲ್ಲದಿದ್ದರೆ ನಾಳೆ ಮಾಡಿಕೊಂಡಾನು ಅಂತಲೇ ಆಕೆಯ ಲೆಕ್ಕ. ಕೊಪ್ಪಳದಿಂದ ಒಂದು ದಿನ ತಡವಾಗಿ ಬಂದರೂ ಬಂಡಿಯ ಹಿಂದೆ ಯಾರಾದರೂ ಕುಂತಿದಾರೇನೋ ಅಂತ ನೋಡುವಳು. ಆಕೆಗೆ ನಂಬಿಕೆ ಬಂದರೆ ಸಾಕಿತ್ತು ನನಗೆ. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಯುರೋಪಿನ ಲಡಾಯಿ ಸುದ್ದಿ ಸಂತ್ಯಾಗ ಕೇಳಿಬರುತ್ತಿದ್ದ ಕಾಲ. ದೀಪಾವಳಿ ಮುಗಿದಿತ್ತು. ಅರಳೆ ಬಿಡಿಸಲು ಇನ್ನೂ ತಡವಿತ್ತು, ಬಂಡಿ ಖಾಲಿ ನಿಂತಿತ್ತು. ಒಂದು ಮುಂಜಾನೆ ಬಂಡಿ ತೊಳೆದು, ಕೀಲಿಗೆ ಎಣ್ಣೆ ಬಿಟ್ಟು, ಹುಲ್ಲು ಹಾಸಿ ಮೇಲೆ ಕಂಬಳಿ ಹಾಕಿದೆ. “ಏಳು, ನಾಕು ಊರು ನೋಡಿ ಬರೂಣು” ಅಂದೆ.

ಆಕೆ ಕಸಬರಗಿ ಕೈಯಲ್ಲಿ ಹಿಡಿದೇ ಕೇಳಿದಳು: “ಯಾರು ಸತ್ತಾರ?”

“ಯಾರೂ ಸತ್ತಿಲ್ಲ.”

“ಮತ್ತ್ಯಾಕ?”

“ಸುಮ್ಮ.”

ದೊಡ್ಡವ್ವ ಕಟ್ಟೆಯ ಮೇಲಿಂದ, “ಸುಮ್ಮ ಹೋಗಾಕ ನೀವೇನು ದೇಸಾಯರೇನೋ?” ಅಂದಳು. ಅಂದವಳೇ ನನ್ನನ್ನು ಮೇಲೆ ಕೆಳಗೆ ನೋಡಿ, ಏನೋ ಹೊಳೆದವಳ ಹಾಗೆ ನಕ್ಕು ಬಾಯಿ ಮುಚ್ಚಿಕೊಂಡಳು. ಆಕೆಗೆ ಏನು ಹೊಳೆಯಿತು ಅಂತ ನನಗೆ ಆಗ ತಿಳಿಯಲಿಲ್ಲ.

ಕುಷ್ಟಗಿಯನ್ನು ನೀವು ಮಧ್ಯಾಹ್ನದ ಹೊತ್ತಿನಲ್ಲಿ ನೋಡಬೇಕು. ಸಂತಿ ಇಲ್ಲದ ದಿನ ಹೋಗಬೇಕು. ಅಗಸಿ ದಾಟಿ ಒಳಗೆ ಹೋದರೆ ಕಲ್ಲಿನ ಮನಿಗಳು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ನೆರಳು ಮಾಡಿಕೊಂಡು ನಿಂತಿರುತ್ತವೆ. ಓಣ್ಯಾಗ ನಾಯಿ ಕೂಡ ಎದ್ದು ಬೊಗಳುವುದಿಲ್ಲ. ಎಲ್ಲೋ ಒಳಗೆ ಮಗ್ಗದ ಸಪ್ಪಳ. ಅದು ನಿಂತಾಗ ಮಾತ್ರ, ಇಲ್ಲೀತನಕ ಒಂದು ಸಪ್ಪಳ ಇತ್ತು ಅಂತ ತಿಳಿಯುತ್ತದೆ. ಎಷ್ಟು ವರ್ಷ ಆ ಊರಿನ ಬಾವಿಯ ನೀರು ಕುಡಿದೀನಿ, ಮಗ್ಗ ಇದಾವೆ ಅಂತ ಗೊತ್ತಿರಲಿಲ್ಲ. ನನ್ನ ಹೆಂಡತಿ ಒಂದು ಮನಿಯ ಕಿಟಕಿಯ ಹತ್ತಿರ ನಿಂತು ಲಾಳಿ ಓಡುವುದನ್ನು ಬಹಳ ಹೊತ್ತು ನೋಡಿದಳು.

ಯಲಬುರ್ಗಾದ ದಾರಿಯಲ್ಲಿ ಎರಡೂ ಕಡೆ ಬಿಳಿಜೋಳ ಮೊಣಕಾಲು ಮಟ್ಟ ಎದ್ದಿತ್ತು. ಆ ಎರೆಹೊಲದ ಬಯಲಿನಲ್ಲಿ ಒಂದು ಗಿಡ ಕಂಡರೆ ಅದು ಬರುವ ತನಕ ಅದನ್ನೇ ನೋಡುತ್ತಾ ಹೋಗಬೇಕು. ಊರಿನ ಕೆರಿಯ ದಂಡಿಯ ಮ್ಯಾಲೆ ಕುಂತರೆ ಸಂಜೆಯ ಗಾಳಿ ತಣ್ಣಗೆ ಬರುತ್ತದೆ, ಕೊಕ್ಕರೆಗಳು ಒಂದೊಂದೇ ಬಂದು ಇಳಿಯುತ್ತವೆ. ದಣಿದವರು ಅಲ್ಲಿಗೆ ಹೋಗಬೇಕು. ಅಲ್ಲಿ ಮಾಡಲಿಕ್ಕೆ ಕೆಲಸವೇ ಇಲ್ಲ. ನಾನು ಕುಂತಲ್ಲೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಆಕೆ ಹಂಗೇ ಕುಂತಿದ್ದಳು, ಗಲ್ಲಕ್ಕೆ ಕೈ ಕೊಟ್ಟು. ನಮ್ಮ ದಣಿವು ನಮ್ಮ ಜೋಡಿ ಬಂಡ್ಯಾಗ ಕುಂತೇ ಬಂದಿತ್ತು ಅಂತ ಆಗ ಅನ್ನಿಸಿತು.

ಖಾಲಿ ಬಂಡಿ ನೋಡಿ ಮಂದಿಗೆ ನಿದ್ದೆ ಬರುತ್ತಿರಲಿಲ್ಲ. “ಏನು ಹೇರಾಕ ಹೊಂಟಿ?” ಏನಿಲ್ಲ. “ಏನು ಇಳಿಸಿ ಬಂದಿ?” ಏನಿಲ್ಲ. ಕೊಪ್ಪಳದ ಪ್ಯಾಟಿಯ ಬಾಯಲ್ಲಿ ಸುಂಕ ಕೇಳುವವನೊಬ್ಬ ಹುಲ್ಲು ಎತ್ತಿ ನೋಡಿದ, ಕಂಬಳಿ ಜಾಡಿಸಿ ನೋಡಿದ, ಕಡೆಗೆ ನನ್ನ ಹೆಂಡತಿಯನ್ನು ಕೇಳಿದ: “ನೀನರ ಖರೇ ಹೇಳವ್ವಾ, ಏನು ಒಯ್ಯಾಕತ್ತೀರಿ?” ಆಕೆ, “ನನ್ನ ಒಯ್ಯಾಕತ್ತಾರ್ರಿ” ಅಂದಳು. ಮನಿ ಬಿಟ್ಟ ಮೇಲೆ ಆಕೆ ಆಡಿದ ಮೊದಲನೆಯ ಉದ್ದ ಮಾತು ಅದು. ಅದರಲ್ಲಿ ಚೇಷ್ಟೆ ಎಷ್ಟು, ಅಂಜಿಕೆ ಎಷ್ಟು, ನನಗೆ ಗೊತ್ತಾಗಲಿಲ್ಲ.

ಕೊಪ್ಪಳ ಅಂದರೆ ನನಗೆ ಟೇಶನ್ನಿನ ಅರಳೆ ಅಂಗಳ, ಹಮಾಲರ ಬೈಗಳು. ಆ ಸಲ ಕೋಟೆ ಹತ್ತಿದೆವು. ಬಂಡೆ ಮೇಲೆ ಬಂಡೆ, ನಡುವೆ ಮೆಟ್ಟಿಲು, ಅಲ್ಲಲ್ಲಿ ಸಂದಿನಲ್ಲಿ ಸೀತಾಫಲದ ಗಿಡ. ಮೇಲೆ ನಿಂತರೆ ರೈಲು ಹೋಗುವುದು ಕಾಣುತ್ತದೆ, ಸಪ್ಪಳ ಆಮೇಲೆ ಬರುತ್ತದೆ. ಇಷ್ಟು ಸಣ್ಣದಕ್ಕ ನಾನು ಇಷ್ಟು ದುಡಿದೀನಲ್ಲ ಅಂತ ಅನ್ನಿಸಿತು.

ಕೊಪ್ಪಳದಿಂದ ಗಂಗಾವತಿಯ ದಾರಿ ಹಿಡಿದರೆ ಭೂಮಿ ಬಣ್ಣ ಬದಲಿಸುತ್ತದೆ. ಎರೆ ಹೋಗಿ ಕೆಂಪು ಬರುತ್ತದೆ, ಬಯಲು ಹೋಗಿ ಗುಂಡುಕಲ್ಲಿನ ಗುಡ್ಡಗಳು ಬರುತ್ತವೆ. ಯಾರೋ ಆಟಕ್ಕೆ ಒಟ್ಟಿ, ಉಣ್ಣಾಕ ಕರೆದರು ಅಂತ ಬಿಟ್ಟು ಹೋದ ಹಾಗೆ. ಹೇಮಗುಡ್ಡ ಆ ದಾರಿಯಲ್ಲಿ ಸಿಗುತ್ತದೆ. ಮೇಲೆ ದುರ್ಗವ್ವನ ಗುಡಿ, ಸುತ್ತ ಹಾಳು ಗೋಡೆ. ಗುಡ್ಡದಿಂದ ಒಂದು ಕೂಗಳತೆಯ ದೂರದಲ್ಲಿ ಒಂದು ಸಣ್ಣ ಊರು. ಹೆಸರು ಬ್ಯಾಡ. ಬೇವಿನ ಗಿಡ, ಕಟ್ಟೆ, ಸಿಹಿನೀರಿನ ಬಾವಿ. ಅಂಥ ಸುಮ್ಮನಿರುವ ಊರು ನಾನು ಮತ್ತೆ ನೋಡಿಲ್ಲ. ಆ ದಿನ ಬುತ್ತಿ ತೀರಿ ನಾವು ಹಸಿದಿದ್ದೆವು. ಬಿಸಿಲು ನೆತ್ತಿಗೆ ಬಂದಿತ್ತು. ಕಟ್ಟೆಯ ಹತ್ತಿರ ಬಂಡಿ ಬಿಚ್ಚಿದೆ.

ಕಟ್ಟೆಯ ಮೇಲೆ ಒಬ್ಬ ಮುದುಕ ಪುಂಡಿನಾರಿನ ಹಗ್ಗ ಹೊಸೆಯುತ್ತಾ ಕುಂತಿದ್ದ. ಹಗ್ಗ ನಿಲ್ಲಿಸದೆ ಕೇಳಿದ: “ಯಾವೂರಾತ್ರಿ?”

“ಕುಷ್ಟಗಿ ಕಡೆ.”

“ದೂರಾತು. ಬಂದದ್ದು?”

“ಏನಿಲ್ಲಜ್ಜ. ಸುಮ್ಮ ನೋಡಿ ಹೋಗೂಣಂತ ಬಂದೀವಿ.”

ಹಗ್ಗ ನಿಂತಿತು. ಮುದುಕ ತೊಳೆದ ಬಂಡಿ ನೋಡಿದ, ಹಾಸಿದ ಕಂಬಳಿ ನೋಡಿದ, ನನ್ನ ಮಡಿ ರುಮಾಲು ನೋಡಿದ. “ಮಕ್ಕಳು?”

“ಇಲ್ಲ.”

“ಹಾಂ,” ಅಂದ. ಬಹಳ ಮೆತ್ತಗೆ ಅಂದ. “ಜೋಡೀಲೇ ಬಂದೀರಿ. ಅದು ಛಲೋ. ಏಳ್ರಿ, ಬಿಸಿಲಾಗ ಕುಂಡ್ರಬ್ಯಾಡ್ರಿ, ಮನಿಗೆ ನಡೀರಿ.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣು ನೋಡಾಕ ಬಂದವರು ಹೆಣ್ಣು ನೋಡಾಕ ಬಂದೀವಿ ಅಂತ ಎಂದೂ ಅನ್ನುವುದಿಲ್ಲ. “ಸುಮ್ಮ ಹಿಂಗ ಬಂದಿದ್ವಿ” ಅನ್ನುತ್ತಾರೆ. “ನೋಡಿ ಹೋಗೂಣಂತ ಬಂದಿದ್ವಿ” ಅನ್ನುತ್ತಾರೆ. ಮಾತು ಮುರಿದರೆ ಎರಡೂ ಕಡೆಯವರಿಗೆ ಮುಖ ಉಳಿಯಲಿ ಅಂತ ಹಿರಿಯರು ಮಾಡಿದ್ದು. ಯಾರು ಎಷ್ಟು ಸಲ ‘ಸುಮ್ಮ’ ಅನ್ನುತ್ತಾರೋ ಅವರಿಗೆ ಅಷ್ಟು ಅವಸರ ಅಂತ ಅರ್ಥ. ಇನ್ನೊಂದು ಕಟ್ಟಳೆ: ಹೆಣ್ಣು ಮನಸ್ಸಿಗೆ ಬರುವ ತನಕ ಆ ಮನ್ಯಾಗ ನೀರು ಕುಡಿಯಬಹುದು, ಸಿಹಿ ಮುಟ್ಟಬಾರದು. ಸಿಹಿ ಉಂಡರೆ ಒಪ್ಪಿದಂಗ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ದಣಿದವನಿಗೆ ಗೊತ್ತಿದ್ದದ್ದೂ ಹೊತ್ತಿಗೆ ನೆನಪಾಗುವುದಿಲ್ಲ.

ಕೈಕಾಲಿಗೆ ನೀರು ಕೊಟ್ಟರು. ಪಡಸಾಲ್ಯಾಗ ಕುಂಡ್ರಿಸಿ ಎಲೆ ಹಾಕಿದರು. ರೊಟ್ಟಿ, ಪುಂಡಿಪಲ್ಯ, ಆಮೇಲೆ ಬಿಸಿ ಗೋಧಿ ಹುಗ್ಗಿ, ಮೇಲೆ ತುಪ್ಪ. ಪರಊರಿನವರಿಗೆ ಎಂಥಾ ಮರ್ಯಾದಿ ಮಾಡ್ತಾರ ಅಂತ ನಾನು ಮನಸ್ಸಿನಲ್ಲೇ ಹೊಗಳುತ್ತಾ ಉಂಡೆ. ಆಗ ಒಳಗಿನಿಂದ ಒಬ್ಬ ಹುಡುಗಿ ತುಂಬಿದ ತಂಬಿಗಿ ಹಿಡಿದು ಬಂದಳು. ಗಂಟು ಬಿಚ್ಚಿದ ಹೊಸ ಸೀರೆಯ ಮಡಿಕೆ ಹಂಗೇ ಇತ್ತು, ಕೈತುಂಬ ಹಸಿರು ಬಳಿ. ತಂಬಿಗಿ ಇಟ್ಟು ನಮ್ಮಿಬ್ಬರ ಕಾಲಿಗೂ ಬಿದ್ದಳು. ಬಾಗಿಲ ಸಂದಿಯಲ್ಲಿ ಓಣಿಯ ಹೆಂಗಸರ ಮುಖ ಕಾಣುತ್ತಿದ್ದವು.

ಮುದುಕ ಹೇಳಿದ: “ನನ್ನ ಮೊಮ್ಮಗಳು. ಕೆಲಸದಾಕಿ, ಮಾತು ಕಡಿಮಿ. ನಿಮ್ಮ ಹಿರೇಕಿಗೆ ತಂಗಿ ಇದ್ದಂಗ ಇರ್ತಾಳ.”

ಹಿರೇಕಿ. ಅಂದರೆ ಮೊದಲನೇ ಹೆಂಡತಿ. ನನ್ನ ಕೈಯಲ್ಲಿ ಹುಗ್ಗಿಯ ತುತ್ತು ಹಂಗೇ ನಿಂತಿತು. ಎಲೆ ನೋಡಿದೆ, ಅರ್ಧ ಬರಿದಾಗಿತ್ತು. ಹೆಂಡತಿಯ ಕಡೆ ನೋಡಿದೆ. ಆಕೆ ನನ್ನ ನೋಡಲಿಲ್ಲ. ನಿಧಾನ ಎದ್ದು, ಕೈ ತೊಳೆಯಲು ಹಿತ್ತಲಿಗೆ ಹೋದಳು.

ನಾನು ಬಂಡಿಯ ಹತ್ತಿರ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಆಕೆಯೂ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಛಲೋ ಇತ್ತು.

“ಇದಕ್ಕ ಕರಕೊಂಡು ಬಂದ್ರೇನು?” ಅಂದಳು.

“ನಿನ್ನಾಣೆ ಇಲ್ಲ. ಸುಮ್ಮ ಬಂದೀವಿ.”

“ದೊಡ್ಡವ್ವ ಮನಿ ಬಿಡುವಾಗ ನಕ್ಕಳು. ನಾ ನೋಡಿದೆ.” ಸೆರಗು ಸರಿಮಾಡಿಕೊಂಡು ಎತ್ತಿನ ಕೊಂಬು ಹಿಡಿದು ನಿಂತಳು. “ಸಿಟ್ಟಿಲ್ಲ ನನಗ. ಹುಡುಗಿ ಛಲೋ ಅದಾಳ. ಹಿತ್ತಲದಾಗ ನನ್ನ ಕೈಗೆ ನೀರು ಹಾಕಕೋತ ಕೇಳಿದ್ಲು, ‘ಅಕ್ಕಾರ, ನಿಮಗ ಒಪ್ಪಿಗಿ ಐತೇನ್ರಿ?’ ಅಂತ. ಇಷ್ಟು ವರ್ಷದಾಗ ನನ್ನ ಕೇಳಿದಾಕಿ ಆಕಿ ಒಬ್ಬಾಕಿ. ನಿಮ್ಮ ದೊಡ್ಡವ್ವ ಕೇಳಲಿಲ್ಲ. ನೀವೂ ಕೇಳಲಿಲ್ಲ.”

“ನಾ ಏನಂತ ಕೇಳ್ಲಿ? ನನಗ ಬೇಕಾಗೇ ಇಲ್ಲಲ್ಲ!”

“ಹುಗ್ಗಿ ಉಂಡ್ರಿ,” ಅಂದಳು.

“ನೀನೂ ಉಂಡಿ.”

“ಹಸಿದಿದ್ದೆ.”

“ನಾನೂ ಹಸಿದಿದ್ದೆ!”

ಆಕೆ ಕೊಂಬು ಬಿಟ್ಟು ಎತ್ತಿನ ಮುಂದೆ ಹುಲ್ಲು ಸರಿಸಿದಳು. ನಂಬಿದ್ದಕ್ಕಲ್ಲ, ಸಾಕಾಗಿ. ಆಣೆ ಇಟ್ಟದ್ದಾಯಿತು, ‘ಸುಮ್ಮ’ ಅಂದದ್ದಾಯಿತು. ಅದೇ ಮಾತು ಮುದುಕನಿಗೆ ಒಂದು ಅರ್ಥ ಕೊಟ್ಟರೆ ಈಕೆಗೂ ಅದೇ ಅರ್ಥ ಕೊಡುತ್ತಿತ್ತು. ನನ್ನ ಹತ್ತಿರ ಬೇರೆ ಮಾತು ಇರಲಿಲ್ಲ.

ಕಟ್ಟೆಗೆ ಹೋಗಿ ಮುದುಕನ ಮುಂದೆ ಕುಂತೆ. ಇದ್ದದ್ದು ಇದ್ದಂಗ ಹೇಳಿದೆ: ನಾವು ಹೆಣ್ಣಿಗೆ ಬಂದವರಲ್ಲ, ಊರು ನೋಡಾಕ ಬಂದವರು, ಗುಡ್ಡ ನೋಡಾಕ ಬಂದವರು.

ಮುದುಕ ನಕ್ಕ. “ಎಲ್ಲಾರೂ ಹಂಗ ಅಂತಾರ ತಮ್ಮಾ.”

“ಅಜ್ಜಾ, ಖರೇ ಅದ. ನನಗ ಇನ್ನೊಂದು ಬ್ಯಾಡ.”

ನನ್ನ ಮುಖ ನೋಡಿ ನೋಡಿ ಅವನ ನಗು ಇಳಿಯಿತು. “ಗುಡ್ಡ ನೋಡಾಕ?” ಅಂದ. “ಗುಡ್ಡದಾಗ ಏನೈತಿ?”

“ಏನಿಲ್ಲ. ಛಲೋ ಐತಿ.”

“ಹುಗ್ಗಿ ಉಂಡ್ಯಲ್ಲೋ.”

“ಹಸಿವ್ಯಾಗಿತ್ತಜ್ಜ.”

“ಹಸಿವ್ಯಾಗಿತ್ತು ಅಂತ ಊರಿಗೆ ಹೆಂಗ ಹೇಳ್ಲಿ ನಾ?” ಅಂದವನೇ ಹೊಸೆದ ಹಗ್ಗ ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ. ಆ ಹುಡುಗಿಗೆ ಹಿಂದೆ ಒಂದು ಕಡೆ ನಿಶ್ಚಯವಾಗಿತ್ತಂತೆ. ಮದುವಿಯ ಅಕ್ಕಿಕಾಳು ಬೀಳುವ ಮುಂಚೆ ಆ ಹುಡುಗ ಜ್ವರ ಬಂದು ಸತ್ತ. ಅಂದಿನಿಂದ ಕಾಲ್ಗುಣ ನೆಟ್ಟಗಿಲ್ಲ ಅಂತ ಯಾರೂ ಬರಲಿಲ್ಲ. ಎರಡನೇ ಸಂಬಂಧವಾದರೂ ಬಂತಲ್ಲ ಅಂತ ಇವತ್ತು ಮನ್ಯಾಗ ಹುಗ್ಗಿ ಮಾಡಿದ್ದರು. “ಈಗ ನೀ ಉಂಡು ಎದ್ದು ಹೋದ್ರ, ಸಿಹಿ ಉಂಡವರೂ ಬಿಟ್ಟು ಹೋದ್ರು ಅಂತಾರ. ಆಕಿ ಬಾಳೇವು ಇಲ್ಲಿಗೆ ಮುಗೀತು,” ಅಂದ. ಬೈಯಲಿಲ್ಲ. ಬೈಯುವ ಶಕ್ತಿ ಅವನಿಗೂ ಇರಲಿಲ್ಲ.

ನನಗೆ ನನ್ನ ಕಸುಬಿನ ಒಂದು ಸಂಗತಿ ನೆನಪಾಯಿತು. ಕೊಪ್ಪಳದ ಅರಳೆ ಅಂಗಳದಲ್ಲಿ ಖರೀದಿದಾರ ಅಂಡಿಗೆಗೆ ಕೈ ಹಾಕಿ, ಎಳೆ ಎಳೆದು ನೋಡಿ, ಸುಮ್ಮನೆ ಎದ್ದು ಹೋದರೆ ಆ ಮಾಲಿಗೆ ಆ ದಿನ ಯಾರೂ ಬರುವುದಿಲ್ಲ. ಅದೇ ಮಾಲಿನವನೇ ‘ನಿನಗ ಕೊಡೂದಿಲ್ಲ, ಕೈ ತಗಿ’ ಅಂತ ನಾಲ್ಕು ಮಂದಿ ಕೇಳುವಂತೆ ಅಂದುಬಿಟ್ಟರೆ, ಇದರಾಗ ಏನೋ ಐತಿ ಅಂತ ಎಲ್ಲರೂ ಬರುತ್ತಾರೆ. ಹೆಣ್ಣುಮಗಳನ್ನು ಅರಳೆಗೆ ಹೋಲಿಸಬಾರದು. ನನಗೆ ಗೊತ್ತಿದ್ದದ್ದು ಅದೊಂದೇ.

“ಅಜ್ಜಾ,” ಅಂದೆ, “ನಾವು ಬಿಟ್ಟು ಹೋಗೂದು ಬ್ಯಾಡ. ನೀವ ನಮ್ಮನ್ನ ಬ್ಯಾಡ ಅನ್ರಿ. ಮಂದಿ ಕೂಡ್ಲಿ. ಗಂಡು ಬರೋಬ್ಬರಿ ಇಲ್ಲ ಅಂತ ಜೋರಾಗಿ ಹೇಳಿ ಕಳಸ್ರಿ.”

ಮುದುಕ ಸರಿಸಿಟ್ಟ ಹಗ್ಗ ಮತ್ತೆ ಕೈಗೆ ಎತ್ತಿಕೊಂಡ. “ಉಂಡ ಮನಿ ಮುಂದ ಬೈಸಿಕೊಳ್ತೀ?”

“ಬೈಸಿಕೊಳ್ತೀನಿ.”

ಅದನ್ನು ಅಂದದ್ದು ಹಗುರ. ನಿಂತು ಕೇಳುವುದು ಬೇರೆ. ಕಟ್ಟೆಯ ಸುತ್ತ ಊರು ನೆರೆಯಿತು. ಕೆಲಸವಿಲ್ಲದ ಕಾಲ, ಖುಷಿಯಿಂದಲೇ ನೆರೆಯಿತು. ಮುದುಕ ಎದ್ದು ನಿಂತು ಪಂಚರ ದನಿಯಲ್ಲಿ ಶುರು ಮಾಡಿದ.

“ಹೊಲ ಎಷ್ಟೈತಿ?”

“ಇಲ್ಲ.”

“ಮನಿ?”

“ದೊಡ್ಡಪ್ಪನದು.”

“ಸಾಲಿ?”

“ಮೂರನೇ ಇಯತ್ತೆ.”

“ಮನ್ಯಾಗ ಇರೂದ್ಯಾವಾಗ?”

“ಬಂಡಿ ಖಾಲಿ ಇದ್ದಾಗ.”

“ಅಂದ್ರ ನಮ್ಮ ಹುಡುಗಿ ಎತ್ತಿನ ಹೆಜ್ಜಿ ನೋಡಕೋತ ಕೂಡಬೇಕು!” ಅಂತ ಒಬ್ಬ ಕೂಗಿದ. ಇನ್ನೊಬ್ಬನಿಗೆ ಹುರುಪು ಬಂತು: “ಬಣ್ಣ ನೋಡ್ರೋ! ಎರೆಹೊಲದಾಗ ಮಲಗಿದ್ರ ಉಳುವಾಗ ಸೇರಿಸಿ ಉತ್ತುಬಿಡ್ತಾರ!” ಎಲ್ಲರೂ ಹೋ ಅಂತ ನಕ್ಕರು. ಯಾವ ಸಾಹುಕಾರನ ಹತ್ತಿರವೂ ಕೇಳದ ಮಾತು, ಗುರುತಿಲ್ಲದ ಊರಿನ ಕಟ್ಟೆಯ ಮುಂದೆ, ಸಾಲುಸಾಲಾಗಿ. ನೆಲ ನೋಡುತ್ತಾ ನಿಂತೆ.

ಆಗ ಒಬ್ಬ ಹೆಂಗಸು ಹಿಂದಿನಿಂದ ಅಂದಳು: “ಹಿರೇಕಿ ಮಾರಿ ನೋಡ್ರವ್ವಾ, ಹೆಂಗ ಬಾಡೇತಿ. ಇದ್ದಾಕಿನ್ನ ಹಿಂಗ ಇಟ್ಟಾವ ಬಂದಾಕಿನ್ನ ಹೆಂಗ ಇಟ್ಟಾನು?”

ಆ ಮಾತಿಗೆ ಯಾರೂ ನಗಲಿಲ್ಲ. ಉಳಿದವು ತಾಗಿ ಬಿದ್ದವು, ಇದು ನಾಟಿತು. ಯಾಕಂದರೆ ಖರೇ ಇತ್ತು.

ಬಂಡಿಯ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು. “ಛಲೋ ಇಟ್ಟಾರ್ರಿ. ಅದರಾಗ ತಪ್ಪು ಹುಡುಕಬ್ಯಾಡ್ರಿ.” ಮಂದಿ ತಿರುಗಿ ನೋಡಿತು. ಆಕೆ ನೊಗದ ಮೇಲೆ ಕೈ ಇಟ್ಟು ನಿಂತಿದ್ದಳು. “ತಪ್ಪು ಬೇಕಂದ್ರ ನಾ ಹೇಳ್ತೀನಿ. ಗೊರಕಿ ಹೊಡೀತಾರ, ನಿಮ್ಮ ಗುಡ್ಡದ ಕಲ್ಲು ಉರುಳ್ಯಾವು. ಸಿಟ್ಟು ಬಂದ್ರ ಎತ್ತಿನ ಜೋಡಿ ಮಾತಾಡ್ತಾರ, ನನ್ನ ಜೋಡಿ ಇಲ್ಲ. ಎರಡು ಮಾತು ನೆಟ್ಟಗ ಹೇಳಾಕ ಬರೂದಿಲ್ಲ; ಹೇಳೂದು ಬಿಟ್ಟು ಬಂಡಿ ತೊಳೀತಾರ. ಇಂಥವರಿಗೆ ಕೊಡ್ತೀರೇನು ಹುಡುಗೀನ್ನ?”

ಊರು ಬಿದ್ದು ಬಿದ್ದು ನಕ್ಕಿತು. ಮುದುಕ ಕೈ ಎತ್ತಿ, “ಕೊಡೂದಿಲ್ಲ! ನಮ್ಮ ಹುಡುಗಿ ಬಾವ್ಯಾಗ ಬಿದ್ದಿಲ್ಲ. ಬಂಡಿ ಹೂಡು, ನಡಿ!” ಅಂದ. ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು, ಹಸಿರು ಬಳಿಯ ಕೈ ಚೌಕಟ್ಟಿಗೆ ಇಟ್ಟು. ನನ್ನ ಹೆಂಡತಿಯ ಕಡೆ ನೋಡಿ ಒಂದು ಸಲ ತಲೆ ಬಾಗಿಸಿದಳು.

ಊರು ಮರೆಯಾಗುವ ತನಕ ನಾನು ಹಿಂದೆ ನೋಡಲಿಲ್ಲ. ಮಾನ ಅನ್ನುವುದು ಕಳೆದುಕೊಂಡಾಗ ಹಗುರಾಗುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಹಂಗೇನಿಲ್ಲ. ಎಷ್ಟೋ ಹೊತ್ತಿನ ಮೇಲೆ ಹುಲ್ಲು ಸರಿದ ಸಪ್ಪಳವಾಯಿತು. ಆಕೆ ಹಿಂದಿನಿಂದ ಬಂದು ಮುಂದೆ ನನ್ನ ಪಕ್ಕದಲ್ಲಿ ಕುಂತಳು. ಹಂಗೆ ಗಂಡನ ಪಕ್ಕ ಬಂಡಿಯ ಮುಂದೆ ಕೂಡುವುದು ನಮ್ಮಲ್ಲಿ ಇಲ್ಲ.

“ಅಷ್ಟೆಲ್ಲಾ ಯಾಕ ಕೇಳಿಸಿಕೊಂಡ್ರಿ?” ಅಂದಳು.

“ನನಗ ಬ್ಯಾಡಾಗಿತ್ತು. ಎಷ್ಟು ಸಲ ಹೇಳ್ಲಿ?”

“ಇನ್ನ ಹೇಳಬ್ಯಾಡ್ರಿ. ಗೊತ್ತಾತು,” ಅಂದಳು.

ಗಂಗಾವತಿಗೆ ಹೋಗುವವರು ಆ ದಾರಿಯಲ್ಲೇ ಹೋಗಬೇಕು. ಒಣ ಕಲ್ಲಿನ ನಡುವಿನಿಂದ ಹೋಗುತ್ತಾ ಹೋಗುತ್ತಾ ಒಮ್ಮೆಲೇ ಹಸಿರು ಬರುತ್ತದೆ. ಹಳೇ ಅರಸರು ಹೊಳೆಯಿಂದ ತಂದ ಕಾಲುವೆಯ ಭತ್ತ. ಮಾತಿನಲ್ಲೂ ತೆಲುಗು ಬೆರೆಯುತ್ತದೆ. ಕಾಲುವೆಯ ದಂಡಿಗೆ ಎತ್ತು ಬಿಚ್ಚಿ ಕುಂತಾಗ ಒಬ್ಬ ಭತ್ತದ ಬಂಡಿಯವ ಎಲಿ ಅಡಿಕಿ ಕೊಟ್ಟು ಸುದ್ದಿ ಹೇಳಿದ: “ಕೇಳಿದ್ರೇನು? ಹೇಮಗುಡ್ಡದ ಕಡೆ ಒಂದು ಹುಡುಗಿ, ಹೆಣ್ಣು ನೋಡಾಕ ಬಂದವನ್ನ ಉಣಿಸಿ ತಿನಿಸಿ, ಬ್ಯಾಡ ಹೋಗಲೇ ಅಂತ ಕಳಿಸಿಬಿಟ್ಟಳಂತ!”

ನಾನು ಸುಣ್ಣ ಹಚ್ಚುತ್ತಾ ಕುಂತೆ. ನನ್ನ ಹೆಂಡತಿ ಕೇಳಿದಳು: “ಹೆಂಗಿದ್ನಂತ್ರೀ ಅವ?”

“ರಾಕ್ಷಸ ಇದ್ದಂಗ ಇದ್ನಂತವ್ವಾ. ಕರ್ರಗ. ಬಾಯಿ ತಗದ್ರ ಗೊರಕಿನ ಅಂತ.”

“ಪಾಪ, ಅವನ ಹೇಣತಿ,” ಅಂದಳು.

ಅಲ್ಲಿಂದ ಆನೆಗೊಂದಿಯ ಹೊಳೆಗೆ ಹೋದೆವು. ಬಂಡೆಗಳ ನಡುವೆ ನೀರು ದಾರಿ ಹುಡುಕಿಕೊಂಡು ಹೋಗುತ್ತಿತ್ತು, ಹರಗೋಲಿನವ ಬರುವವರಿಲ್ಲದೆ ಮಲಗಿದ್ದ. ನೀರಾಗ ಕಾಲು ಬಿಟ್ಟುಕೊಂಡು ಇಬ್ಬರೂ ಕುಂತೆವು. ಆಕೆ ನನಗಿಂತ ಮೊದಲು ನಿದ್ದೆ ಹೋದಳು, ಬಂಡೆಗೆ ಒರಗಿ. ಎಷ್ಟೋ ವರ್ಷಗಳ ನಿದ್ದೆ ಅದು. ಎತ್ತು ಮೇಯುವಷ್ಟು ಮೇಯಲಿ ಅಂತ ನಾನು ಎಬ್ಬಿಸಲಿಲ್ಲ.

ಕನಕಗಿರಿ, ತಾವರಗೇರಿ ದಾರಿ ಹಿಡಿದು ಊರಿಗೆ ಬಂದೆವು. ಅಂಗಳದಲ್ಲಿ ಬಂಡಿ ನಿಲ್ಲುವ ಮೊದಲೇ ದೊಡ್ಡವ್ವ ಹೊಸ್ತಿಲಿಗೆ ಬಂದು ಬಂಡಿಯ ಹಿಂದೆ ಇಣಿಕಿದಳು. ಬರೀ ಹುಲ್ಲು ನೋಡಿ ಮುಖ ಇಳಿಯಿತು. “ಎಲ್ಲಿಗೆ ಹೋಗಿದ್ರಿ, ಇನ್ನಾರ ಹೇಳ್ರಿ,” ಅಂದಳು.

ನಾನು ಬಾಯಿ ತೆಗೆಯುವ ಮೊದಲೇ ನನ್ನ ಹೆಂಡತಿ ಅಂದಳು: “ಹೆಣ್ಣು ನೋಡಾಕ, ದೊಡ್ಡವ್ವ.”

“ಹೌದಾ! ಮತ್ತ?”

“ಕೊಡಲಿಲ್ಲ.”

“ಕೊಡಲಿಲ್ಲಾ?”

“ಊರೆಲ್ಲಾ ಕೂಡಿ ಬೈದು ಕಳಿಸಿದ್ರು. ಹೊಲ ಇಲ್ಲ, ಸಾಲಿ ಇಲ್ಲ, ಬಣ್ಣ ಇಲ್ಲ ಅಂತ.”

ದೊಡ್ಡವ್ವನ ಮುಖ ಕೆಂಪಾಯಿತು. “ನಮ್ಮ ಹುಡುಗನ್ನ ಬ್ಯಾಡ ಅಂದ್ರಾ? ಅವರ ಮನಿ ಗಂಗಾಳ ಹಾಳಾಗ! ಮೈ ಮುರಿದು ದುಡಿಯೂ ಮಗ! ಇನ್ನ ಯಾವ ಮನಿ ಬಾಗಲಿಗೆ ಹೋಗಿ ನಿಂದ್ರತೀರಿ ನೋಡ್ತೀನಿ. ಕಾಲು ಮುರೀತೀನಿ!” ಆ ಸಂಜೆಯಿಂದ ಆಕೆ ಆ ಮಾತು ಎತ್ತಲಿಲ್ಲ. ಬೇರೆ ಯಾರಾದರೂ ಎತ್ತಿದರೆ ಅವರ ಮೈಮೇಲೆ ಹೋಗುತ್ತಿದ್ದಳು.

ಸುದ್ದಿ ಮಾತ್ರ ನನ್ನನ್ನು ಬಿಡಲಿಲ್ಲ. ಕೊಪ್ಪಳದ ಅಂಗಳದಲ್ಲಿ ಹಮಾಲರು ವರ್ಷಗಟ್ಟಲೆ “ಬಂದ್ನೋ ಮದುಮಗ” ಅಂತ ಕರೆದರು. ಆ ಹುಡುಗಿಯನ್ನು ನವಲಿಯ ಕಡೆ ಒಂದು ಭತ್ತದ ಮನಿಗೆ ಕೊಟ್ಟರಂತ, ಮೊದಲನೇ ಸಂಬಂಧ. ಬಂದವನನ್ನು ಬ್ಯಾಡ ಅಂದ ಹುಡುಗಿ ಅಂತ ಕೇಳಿಕೊಂಡು ಬಂದು ಮಾಡಿಕೊಂಡರಂತ. ಅದನ್ನು ಕೇಳಿದ ದಿನವೂ ನಾನು ಉಪ್ಪಿನ ಚೀಲ ಎತ್ತುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಮೈಯ ದಣಿವೂ ಹೋಗಲಿಲ್ಲ, ಅದು ಹೋಗುವಂಥದ್ದಲ್ಲ.

ಮರುವರ್ಷ ದೀಪಾವಳಿ ಮುಗಿದು ಬಂಡಿ ಖಾಲಿ ನಿಂತಾಗ ಹೆಂಡತಿಯೇ ಬಂದು ನೊಗ ಮುಟ್ಟಿದಳು. “ಈ ಸಲ ಯಾವ ಕಡೆ?” ಅಂದಳು.

“ನೀ ಹೇಳಿದ ಕಡೆ.”

“ಯಾವ ಕಡೆ ಆದ್ರೂ ಆಗ್ಲಿ,” ಅಂದಳು, “ಬುತ್ತಿ ದಂಡಿಯಾಗಿ ಕಟ್ಟಿಕೋತೀನಿ. ಯಾರ ಮನ್ಯಾಗೂ ಉಣ್ಣೂದು ಬ್ಯಾಡ.”